ಯಾರ ರಾಜ್ಯ, ಯಾರ ಹಕ್ಕು?

ಕಿತ್ತೂರಿನ ಜಗಳವನ್ನು ನಮಗೆ ದತ್ತಕದ ಜಗಳ ಅಂತ ಕಲಿಸಿದರು. ದೊರೆ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡ. ದತ್ತುಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ; ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ವಾರಸುದಾರ ಯಾರೆಂದು ಹೇಳುವ ಹಕ್ಕು ಸಂಸ್ಥಾನದ್ದೋ, ಮೇಲಿನ ಕಂಪನಿಯದ್ದೋ? ಇದು ಪ್ರಶ್ನೆ. ಸರಿ. ಆದರ ಸಂಗೊಳ್ಳಿಗೆ ಬಂದು ಕೇಳ್ರಿ. ರಾಯಣ್ಣನಿಗೆ ಗಾದಿ ಇರಲಿಲ್ಲ. ಅವನು ಶೇತಸನದಿ, ಚಾಕರಿಗೆ ಪ್ರತಿಯಾಗಿ ಬಂದ ಹೊಲ ಅವನದು. ಕಂಪನಿ ಅದರ ಬಹುಪಾಲನ್ನು ಕಿತ್ತುಕೊಂಡು ಉಳಿದದ್ದಕ್ಕೆ ಕಂದಾಯ ಹೇರಿತು. ಅವನು ಕಚೇರಿಗಳಿಗೆ ಬೆಂಕಿಯಿಟ್ಟ, ಖಜಾನೆ ಲೂಟಿ ಮಾಡಿದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅರಮನೆಯ ಹಕ್ಕು ಬೇರೆ, ಹೊಲದ ಹಕ್ಕು ಬೇರೆ. ಆ ಹೊತ್ತು ಎರಡಕ್ಕೂ ವೈರಿ ಒಬ್ಬನೇ ಆಗಿದ್ದ.

ಯಾವಾಗಲೂ ಹೀಗೆ ಕೂಡಿಬರುವುದಿಲ್ಲ. ಅಮೆರಿಕ ನೋಡಿ. ಅಲ್ಲಿ 'ರಾಜ್ಯಗಳ ಹಕ್ಕು' ಅಂತ ದಕ್ಷಿಣದ ಧಣಿಗಳು ಕೂಗಿದ್ದು ಗುಲಾಮರನ್ನು ಉಳಿಸಿಕೊಳ್ಳಲಿಕ್ಕೆ. ತಮಾಷೆ ಅಂದ್ರ, ಅವರಿಗೆ ಕೇಂದ್ರದ ಬಲವೂ ಬೇಕಿತ್ತು. ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕೆಂಬ 1850ರ ಕಾಯಿದೆ ಕೇಂದ್ರದ್ದು. ಉತ್ತರದ ರಾಜ್ಯಗಳು ಅಡ್ಡಬಂದವು. 1860ರಲ್ಲಿ ಒಕ್ಕೂಟ ಬಿಟ್ಟ ದಕ್ಷಿಣ ಕೆರೊಲಿನಾ ತನ್ನ ಘೋಷಣೆಯಲ್ಲಿ ಅದನ್ನೇ ದೂರಿತು: ಆ ರಾಜ್ಯಗಳು ನಮ್ಮವರನ್ನು ಹಿಡಿದು ಕೊಡುತ್ತಿಲ್ಲ! ಆಗ ಆ ರಾಜ್ಯಗಳ ಹಕ್ಕು ಎಲ್ಲಿ ಹೋಯಿತು? 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕರಿಯ ಮಕ್ಕಳು ಹೊರಟಾಗ ಅಡ್ಡ ನಿಂತದ್ದು ರಾಜ್ಯದ ಗವರ್ನರ್ ಕಳಿಸಿದ ಪಡೆ. ಒಳಗೆ ಕರೆದೊಯ್ದದ್ದು ಕೇಂದ್ರದ ಸೈನ್ಯ.

ಹಾಗಂತ ದಿಲ್ಲಿಗೆ ಕೈಮುಗಿದು ಕೂರಬೇಕೆ? 1989ರಲ್ಲಿ ಬೊಮ್ಮಾಯಿ ಸರಕಾರವನ್ನು, ಸದನದಲ್ಲಿ ಬಹುಮತ ತೋರಿಸಲೂ ಬಿಡದೆ, 356ನೇ ವಿಧಿ ಹಿಡಿದು ಕಿತ್ತೊಗೆದದ್ದು ದಿಲ್ಲಿಯೇ. ಬಳಕೆಗೇ ಬಾರದಿರಲಿ ಎಂದು ಬಾಬಾಸಾಹೇಬರು ಆಶಿಸಿದ್ದ ವಿಧಿ ಅದು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟು ಹೇಳುವಾಗ 1994.

ಕೇರಿಗೆ ಇದಕ್ಕಿಂತ ಹತ್ತಿರದ್ದು 1978ರ ಪರಿಶಿಷ್ಟರ ಜಮೀನು ವರ್ಗಾವಣೆ ನಿಷೇಧ ಕಾಯಿದೆ. ಸರಕಾರ ಮಂಜೂರು ಮಾಡಿದ ಹೊಲವನ್ನು ಷರತ್ತು ಮುರಿದು ಕೊಂಡವರಿಂದ ಬಿಡಿಸಿ ಕೊಡುವ ಕಾಯಿದೆ. ಮಾಡಿದ್ದು ನಮ್ಮ ವಿಧಾನಮಂಡಲ, ಸಂಸತ್ತಲ್ಲ. ಸುಪ್ರೀಂ ಕೋರ್ಟು 1984ರಲ್ಲಿ ಎತ್ತಿಹಿಡಿಯಿತು. ಅದೇ ಕೋರ್ಟು 2017ರಲ್ಲಿ, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಎಂದಿತು. ಅಕ್ಷರ ಬಾರದವ ಕಾಗದ ಹುಡುಕಿಕೊಂಡು ಕಚೇರಿ ಮೆಟ್ಟಿಲು ಹತ್ತಲಿಕ್ಕೆ ಎಷ್ಟು ವರ್ಷ ಬೇಕು, ಯಾರಾದರೂ ಎಣಿಸಿದ್ದಾರೇನು? 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಯಿತು. ಅರ್ಜಿ ಬರೆದುಕೊಡಬಲ್ಲ ಮಾಸ್ತರರು ಇದನ್ನು ಓದುತ್ತಿರುವವರಲ್ಲೇ ಇದ್ದಾರ.