ಕುರ್ಚಿ ಯಾರದು, ಸಂಘ ಯಾರದು?

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಬೆಟ್ಟದ ಮೇಲೆ ಟಿಪ್ಪು ಕಾಲದ ಕೋಟೆಯಿದೆ. ಕೋಟೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಗೆಜೆಟಿಯರಿನವರು ಬರೆದಿಟ್ಟಿದ್ದಾರೆ. ಬೆಟ್ಟದ ಮೇಲಕ್ಕೆ ಕಲ್ಲು ಹೊತ್ತವರ ಹೆಸರು ಅಲ್ಲಿಲ್ಲ. ಅದು ಹೋಗಲಿ. ಬೆಟ್ಟದ ಕೆಳಗಿನ ಹೋಬಳಿಯಲ್ಲಿ ಸರ್ಕಾರಿ ಶಾಲೆಗಳಿವೆ. ಶಾಲೆಯೊಳಗೆ ಹೆಡ್‌ಮಾಸ್ಟರ ಕುರ್ಚಿ ಇದೆ. ಆ ಕುರ್ಚಿಯ ಚರಿತ್ರೆ ಕೋಟೆಯ ಚರಿತ್ರೆಗಿಂತ ನಮಗೆ ಹತ್ತಿರದ್ದು. ಯಾಕೆಂದರೆ ಆ ಕುರ್ಚಿಯ ಮುಂದೆ ನಮ್ಮಪ್ಪಂದಿರು ಕೈಕಟ್ಟಿ ನಿಂತಿದ್ದಾರೆ, ನಾವು ನೆಲದ ಮೇಲೆ ಕೂತಿದ್ದೇವೆ, ಈಗ ನಮ್ಮಲ್ಲೇ ಕೆಲವರು ಅದರ ಮೇಲೆ ಕೂತಿದ್ದಾರೆ.

ಇದು ಗಡಿಸೀಮೆ. ಮನೇಲಿ ತೆಲುಗು, ಶಾಲೇಲಿ ಕನ್ನಡ. ನಮ್ಮ ಕಡೆಯ ಹಳಬರು ಮೇಷ್ಟ್ರನ್ನ 'ಅಯ್ಯವಾರು' ಅಂತಲೇ ಕರೀತಿದ್ದರು. ಆ ಮಾತಿನಲ್ಲಿ ಓದಿದವನೂ ಇದ್ದ, ಒಡೆಯನೂ ಇದ್ದ. ಮುಂದೆ ಕೇರಿಯ ಹುಡುಗನೊಬ್ಬ ಟಿಸಿಎಚ್ ಮುಗಿಸಿ ಮೇಷ್ಟ್ರಾಗಿ ಬಂದಾಗ ಅದೇ ಜನರ ಬಾಯಲ್ಲಿ 'ಅಯ್ಯವಾರು' ಹೊರಡಲಿಲ್ಲ. 'ಮೇಷ್ಟ್ರು' ಅಂದರು. ಕೆಲವರು ಅದನ್ನೂ ಅನ್ನಲಿಲ್ಲ, ಹೆಸರು ಹಿಡಿದು ಕರೆದರು. ಕುರ್ಚಿ ಅದೇ ಇತ್ತು. ಕೂತವನು ಬದಲಾದ ಕೂಡಲೇ ಕರೆಯೋ ಮಾತೂ ಬದಲಾಯಿತು.

ಈ ಕುರ್ಚಿ ಹೋಬಳಿಗೆ ಬಂದದ್ದು ಹೇಗೆ? 1854ರಲ್ಲಿ ಚಾರ್ಲ್ಸ್ ವುಡ್‌ನ ಶಿಕ್ಷಣ ಆಜ್ಞಾಪತ್ರ ಬಂತು. 1857ರಲ್ಲಿ ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆ ಶುರುವಾಯಿತು. 1868ರಲ್ಲಿ ಲೂಯಿ ರೈಸ್ ಹೋಬಳಿಗೊಂದು ಶಾಲೆ ಆಗಬೇಕು ಅಂತ ಯೋಜನೆ ಮುಂದಿಟ್ಟರು. ಶಾಸನಗಳನ್ನ ಹುಡುಕಿ ಓದಿದ ಅದೇ ರೈಸ್. ರೈತಾಪಿ ಮಕ್ಕಳಿಗೆ ಅವರ ಮಾತಿನಲ್ಲೇ ಓದು ಬರಹ ಲೆಕ್ಕ ಕಲಿಸೋದು ಅದರ ಗುರಿ. ಗುರಿ ಒಳ್ಳೇದೇ. ಆದರೆ ಕೇರಿಯ ಮಗು ಆ ಶಾಲೆಯ ಬಾಗಿಲು ದಾಟಬಹುದೇ ಅನ್ನೋ ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಒಂದು, ಜಗಲಿಯ ಮೇಲೆ ಇನ್ನೊಂದು.

ಆ ಪ್ರಶ್ನೆಯನ್ನ ಕನ್ನಡ ನಾಡಿನಲ್ಲಿ ಮೊದಲೇ ಒಬ್ಬ ಹುಡುಗ ಕೇಳಿದ್ದ. 1856ರ ಜೂನ್ ತಿಂಗಳಲ್ಲಿ, ಮುಂಬಯಿ ಸರ್ಕಾರದ ಕೈಕೆಳಗಿದ್ದ ಧಾರವಾಡದಲ್ಲಿ, ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಶಾಲೆಯವರು ಆಗಲ್ಲ ಅಂದರು. ಹುಡುಗ ಸರ್ಕಾರದ ತನಕ ಹೋದ. ಜುಲೈ 21ಕ್ಕೆ ಸರ್ಕಾರದ ನಿರ್ಣಯ ಬಂತು. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಂಡರು. ಆದರೆ ಒಬ್ಬನಿಗಾಗಿ ಶಾಲೆಯನ್ನೇ ಹಾಳು ಮಾಡೋಕಾಗಲ್ಲ, ಮಿಕ್ಕವರು ಬಿಟ್ಟು ಹೋಗ್ತಾರೆ ಅಂದರು. ಆಮೇಲೆ ಕಲ್ಕತ್ತೆಯ ಸರ್ಕಾರ, ಲಂಡನ್ನಿನ ಕಂಪೆನಿ ನಿರ್ದೇಶಕರು, ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ತತ್ವ ಹೇಳಿದರು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಪ್ರಕರಣವನ್ನೇ ಎತ್ತಿ ತೋರಿಸಿದರು.

ಇದನ್ನ ನಾನು ಇಲ್ಲಿ ತಂದದ್ದು ಒಂದು ಕಾರಣಕ್ಕೆ. ನ್ಯಾಯ ನಿಂದೇ, ಆದರೆ ಶಾಲೆ ನಡೀಬೇಕಲ್ಲಪ್ಪ ಅನ್ನೋ ಈ ಮಾತು ಆಡಳಿತಗಾರನ ಮಾತು. ಶಾಲೆಯ ಆಡಳಿತ ಅಂದರೆ ಜಗಳ ಆಗದ ಹಾಗೆ ನೋಡಿಕೊಳ್ಳೋದು ಅನ್ನೋ ಪಾಠ ಅವತ್ತಿನಿಂದ ಇವತ್ತಿನ ತನಕ ಕುರ್ಚಿಯಿಂದ ಕುರ್ಚಿಗೆ ಇಳಿದು ಬಂದಿದೆ.

ಮೈಸೂರಿನ ಕತೆ ಸ್ವಲ್ಪ ಬೇರೆ. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಗಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಹೇಳಿತು. ಅದೇ ಹೊತ್ತಿನಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಸಿ.ಆರ್. ರೆಡ್ಡಿಯವರು ಸರ್ಕಾರಿ ಶಾಲೆಯ ಬಾಗಿಲು ಎಲ್ಲಾ ಜಾತಿಯ ಮಕ್ಕಳಿಗೂ ತೆರೀಬೇಕು ಅಂತ ಪಟ್ಟು ಹಿಡಿದರು. ಮೇಲೆ ಕೂತ ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಮಿಲ್ಲರ್ ವರದಿಯ ಫಸಲನ್ನ ಮೊದಲು ಕುಯ್ದುಕೊಂಡವರು ಭೂಮಿ ಇದ್ದ ಶೂದ್ರ ಜಾತಿಗಳು. ಅವರನ್ನ ದೂರೋದಲ್ಲ. ಅವರೂ ಅಕ್ಷರಕ್ಕೆ ಹೊರಗಿನವರೇ ಆಗಿದ್ದರು. ಆದರೆ ಕುರ್ಚಿ ಅಗ್ರಹಾರದಿಂದ ಎದ್ದು ಗೌಡರ ಬೀದಿಗೆ ಬಂತು, ಕೇರಿಗೆ ಬರೋದಕ್ಕೆ ಇನ್ನೂ ಬಹಳ ವರ್ಷ ಹಿಡೀತು.

ನಮ್ಮ ಸೀಮೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆಯ ಹುಡುಗ ಎಚ್. ನರಸಿಂಹಯ್ಯ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಕುಲಪತಿಯ ಕುರ್ಚಿಗೆ ಏರಿದರು. ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿ 2005ರಲ್ಲಿ ತೀರಿಕೊಂಡರು. ಕುರ್ಚಿಯನ್ನ ಬೆನ್ನಿಗೆ ಅಂಟಿಸಿಕೊಳ್ಳದ ಆಡಳಿತಗಾರ ಹೇಗಿರ್ತಾನೆ ಅಂತ ತೋರಿಸಿದವರು ಅವರು. ಆದರೆ ಒಬ್ಬ ಎಚ್ಚೆನ್ ಇದ್ದರು ಅಂತ ವ್ಯವಸ್ಥೆ ಸರಿಯಾಗಿಬಿಡಲ್ಲ. ಒಳ್ಳೆಯ ಮನುಷ್ಯ ಹೋದ ಮೇಲೂ ಉಳಿಯೋದಕ್ಕೆ ಸಂಘ ಬೇಕು. ಈಗ ಸಂಘದ ಮಾತಿಗೆ ಬರೋಣ.

ಪ್ರಾಥಮಿಕ ಶಾಲೆಯವರಿಗೆ ಒಂದು, ಪ್ರೌಢಶಾಲೆಯವರಿಗೆ ಒಂದು, ಮುಖ್ಯ ಶಿಕ್ಷಕರಿಗೇ ಒಂದು, ಎಲ್ಲರ ಮೇಲೆ ಸರ್ಕಾರಿ ನೌಕರರದ್ದು ಒಂದು, ಹೀಗೆ ಸಂಘಗಳಿವೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿಸಿಕೊಂಡ ಸಂಘಕ್ಕೆ ಬೈಲಾ ಇರಬೇಕು, ಕಾರ್ಯಕಾರಿ ಸಮಿತಿ ಇರಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಕಾಗದದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆ ಪ್ರಜಾಪ್ರಭುತ್ವ ಇಲ್ಲ. ನಮ್ಮ ಕೇರಿಯಿಂದ ಹೋಗಿ ಹೆಡ್‌ಮಾಸ್ಟರಾಗಿ ನಿವೃತ್ತರಾದ ಹಿರಿಯರೊಬ್ಬರನ್ನ ಕೇಳಿದೆ. ಯಾವ ಸಂಘ ಅಂತ ಹೆಸರು ಬೇಡ. ಅವರು ನಕ್ಕರು.

"ಮೂವತ್ತೊಂದು ವರ್ಷ ಚಂದಾ ಕಟ್ಟಿದೀನಪ್ಪ. ರಸೀತಿ ಕೊಟ್ರು, ಲೆಕ್ಕ ಕೊಡ್ಲಿಲ್ಲ."

"ನೀವು ಕೇಳಲಿಲ್ವಾ ಮಾವ?"

"ಕೇಳ್ದೋನಿಗೆ ಟ್ರಾನ್ಸ್‌ಫರ್ ಎಲ್ಲಿಗೆ ಅಂತ ಗೊತ್ತಿತ್ತಲ್ಲ."

ಈ ಕೊನೆಯ ಮಾತಿನಲ್ಲಿ ಸಂಘದ ಚರಿತ್ರೆ ಅಡಗಿದೆ. ಬಹಳ ಕಾಲ ವರ್ಗಾವಣೆ ಅನ್ನೋದು ಮಂತ್ರಿ, ಶಾಸಕ, ಆಫೀಸಿನ ಗುಮಾಸ್ತ, ಸಂಘದ ಮುಖಂಡ ಇವರ ನಡುವೆ ಕೈಬದಲಾಗುವ ಸರಕಾಗಿತ್ತು. ಗುಡ್ಡದ ಮೇಲಿನ ಏಕೋಪಾಧ್ಯಾಯ ಶಾಲೆಗೆ ಯಾರು, ರಸ್ತೆ ಪಕ್ಕದ ಶಾಲೆಗೆ ಯಾರು ಅಂತ ತೀರ್ಮಾನಿಸೋನೇ ನಾಯಕ. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆ ಬಂತು. ಕೌನ್ಸೆಲಿಂಗ್ ಆಯಿತು, ಪಟ್ಟಿ ಗೋಡೆಗೆ ಬಂತು. ವಶೀಲಿ ಪೂರಾ ಸತ್ತಿತು ಅಂತ ಹೇಳಲ್ಲ. ಆದರೆ ದಿಕ್ಕಿಲ್ಲದ ಮೇಷ್ಟ್ರಿಗೂ ಒಂದು ಕ್ರಮಸಂಖ್ಯೆ ಸಿಕ್ಕಿತು. ಹಾಗಾದರೆ ನಾಯಕನ ಕೈಲಿ ಉಳಿದದ್ದೇನು? ಗುರುಭವನದ ಬೀಗದ ಕೈ, ಸೆಪ್ಟೆಂಬರ್ 5ರ ವೇದಿಕೆ, ಬಿಇಓ ಸಾಹೇಬರ ಪಕ್ಕದ ಆಸನ, ಹೊಸ ವರ್ಷದ ಡೈರಿ.

ಇನ್ನೊಂದು ವಿಚಿತ್ರ ನೋಡಿ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳವು. ನಮ್ಮದು ಆಗ್ನೇಯ ಕ್ಷೇತ್ರಕ್ಕೆ ಸೇರುತ್ತೆ. ಆದರೆ ಸಂವಿಧಾನದ 171ನೇ ವಿಧಿಯ ಪ್ರಕಾರ ಆ ಕ್ಷೇತ್ರದಲ್ಲಿ ಓಟು ಇರೋದು ಪ್ರೌಢಶಾಲೆಗೆ ಕಮ್ಮಿಯಿಲ್ಲದ ಸಂಸ್ಥೆಗಳಲ್ಲಿ ಕಲಿಸೋರಿಗೆ ಮಾತ್ರ. ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ತಿದ್ದಿಸುವ ಮೇಷ್ಟ್ರು, ಪ್ರಾಥಮಿಕ ಶಾಲೆಯ ಹೆಡ್‌ಮೇಡಂ, ಆ ಕ್ಷೇತ್ರದ ಲೆಕ್ಕದಲ್ಲಿ ಶಿಕ್ಷಕರೇ ಅಲ್ಲ. ಗುರುಗಳಲ್ಲೂ ಶ್ರೇಣಿ. ಕೆಳಗಿನ ಮೆಟ್ಟಿಲಲ್ಲಿ ಇರೋರಿಗೆ ಕೆಲಸ ಹೆಚ್ಚು, ಓಟು ಇಲ್ಲ.

ಸಂಘಕ್ಕೆ ಬಲ ಇಲ್ಲ ಅಂತ ಯಾರೂ ತಿಳೀಬೇಡಿ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ರಾಜ್ಯಾದ್ಯಂತ ಕೆಲಸ ನಿಲ್ಲಿಸಿದರು, ಶಾಲೆಗಳೂ ಸೇರಿದವು. ಅದೇ ದಿನ ಸರ್ಕಾರ ಶೇಕಡಾ 17ರ ಮಧ್ಯಂತರ ಪರಿಹಾರ ಕೊಟ್ಟಿತು, ಮುಷ್ಕರ ನಿಂತಿತು. ಸಂಬಳ ಕೇಳೋದು ತಪ್ಪಲ್ಲ, ದುಡಿಯೋರ ಹಕ್ಕು. ನನ್ನ ಪ್ರಶ್ನೆ ಬೇರೆ. 2014-15ರ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ ಅಡುಗೆಯಾಕೆ ದಲಿತಳು ಅನ್ನೋ ಕಾರಣಕ್ಕೆ ಬಹುಪಾಲು ಮಕ್ಕಳನ್ನ ಶಾಲೆಯಿಂದಲೇ ಬಿಡಿಸಿಕೊಂಡು ಹೋದರು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡೆಲ್ಲಾ ಹಬ್ಬಿತು, ಪ್ರಾಂಶುಪಾಲರ ಬಂಧನವಾಯಿತು. ಆಗ ಅರ್ಧ ದಿನ, ಒಂದೇ ಒಂದು ಪಿರಿಯಡ್ಡು, ಶಾಲೆಯ ಗಂಟೆ ನಿಲ್ಲಿಸಿದ ಸಂಘ ಯಾವುದು? ನಾನಂತೂ ಕೇಳಿಲ್ಲ. ಧಾರವಾಡದ ಹುಡುಗನಿಗೆ ಕೊಟ್ಟ ಉತ್ತರವೇ ಇಲ್ಲೂ ಕೇಳಿಸುತ್ತೆ.

ನಮ್ಮವರೇ ಕುರ್ಚಿಗೆ ಬಂದರೆ ಎಲ್ಲಾ ಸರಿಹೋಗುತ್ತೆ ಅಂತ ನಾವು ನಂಬಿದ್ದೆವು. 1978ರಿಂದ ಕರ್ನಾಟಕದಲ್ಲಿ ಬಡ್ತಿಯಲ್ಲೂ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3 ಮೀಸಲಾತಿ ಬಂತು. ಕೇರಿಯವರು ಹೆಡ್‌ಮಾಸ್ಟ್ರಾದರು, ಬಿಇಓ ಆದರು. 2017ರ ಫೆಬ್ರವರಿ 9ರಂದು ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೀಗೆ ಬಡ್ತಿ ಪಡೆದವರ ಜ್ಯೇಷ್ಠತೆ ಕಾಯುವ 2002ರ ಕಾಯ್ದೆಯನ್ನ ಹೊಡೆದು ಹಾಕಿತು. ಇಲಾಖೆ ಇಲಾಖೆಯಲ್ಲಿ ಪಟ್ಟಿ ತಿರುವು ಮುರುವಾಯಿತು, ಮೇಲೆ ಕೂತವರು ಕೆಳಗಿಳಿದರು. 2018ರ ಹೊಸ ಕಾಯ್ದೆಯನ್ನ 2019ರ ಮೇ 10ರಂದು ಅದೇ ಕೋರ್ಟು ಎತ್ತಿ ಹಿಡಿಯಿತು. ಆ ಎರಡು ವರ್ಷದಲ್ಲಿ ಒಂದೇ ಸ್ಟಾಫ್‌ರೂಮಿನಲ್ಲಿ ಟೀ ಕುಡಿಯೋರು ಎರಡು ಪಕ್ಷವಾದರು. ಎಲ್ಲರ ಸಂಘ ಅಂದುಕೊಂಡದ್ದು ಯಾರ ಸಂಘ ಅಂತ ಗೊತ್ತಾಯಿತು.

ಅಮೆರಿಕದ ಕರಿಯರಿಗೂ ಇದೇ ಆಯಿತು. ಅಲ್ಲಿಯ ಶಿಕ್ಷಕರ ದೊಡ್ಡ ಸಂಘ 1857ರದು. ಹೆಂಗಸರನ್ನ ಸದಸ್ಯರಾಗಿ ಸೇರಿಸಿಕೊಂಡದ್ದು 1866ರಲ್ಲಿ, ಹೆಂಗಸು ಅಧ್ಯಕ್ಷೆಯಾದದ್ದು 1910ರಲ್ಲಿ. ಕರಿಯ ಶಿಕ್ಷಕರು 1904ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. 1954ರಲ್ಲಿ ಕೋರ್ಟು ಬೇರೆ ಬೇರೆ ಶಾಲೆ ಕೂಡದು ಅಂದಿತು. ಅದು ದೊಡ್ಡ ಜಯ. ಆದರೆ ಶಾಲೆಗಳು ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕರಿಯರ ಶಾಲೆಗಳನ್ನ, ಕೆಲಸ ಕಳಕೊಂಡವರು ಸಾವಿರಾರು ಕರಿಯ ಶಿಕ್ಷಕರು, ಹೆಡ್‌ಮಾಸ್ಟರುಗಳು. ಮಕ್ಕಳನ್ನ ಬೆರೆಸೋಕೆ ಒಪ್ಪಿದವರೂ ಕರಿಯನ ಕೈಕೆಳಗೆ ಬಿಳಿಯ ಮೇಷ್ಟ್ರು ದುಡಿಯೋದನ್ನ ಒಪ್ಪಲಿಲ್ಲ. 1966ರಲ್ಲಿ ಎರಡು ಸಂಘ ಕೂಡಿಕೊಂಡವು, 1968ರಲ್ಲಿ ಎಲಿಜಬೆತ್ ಕೂಂಟ್ಸ್ ಮೊದಲ ಕರಿಯ ಅಧ್ಯಕ್ಷೆಯಾದರು. ಬೆಂಚು ಹಂಚಿಕೊಳ್ಳೋದಕ್ಕಿಂತ ಕುರ್ಚಿ ಹಂಚಿಕೊಳ್ಳೋದು ಕಷ್ಟ, ಅಲ್ಲೂ ಇಲ್ಲೂ.

ಆದರೂ ನಮ್ಮವರನ್ನೂ ಕೇಳಬೇಕಾದ ಮಾತಿದೆ. ಕುರ್ಚಿ ಸಿಕ್ಕ ಮೇಲೆ ಕೇರಿಯ ತಾಯಿ ಶಾಲೆಗೆ ಬಂದರೆ ನಾವು ಕೂತ್ಕೊಳಮ್ಮ ಅಂದಿದ್ದೇವಾ? 2001ರ ಏಪ್ರಿಲ್ 28ರ ಆದೇಶದಿಂದ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂದಿತು. ಕೂಲಿ ಹೆಂಗಸು ಶಾಲೆಯ ಲೆಕ್ಕ ಕೇಳಬಹುದು ಅಂತ ಕಾನೂನು ಹೇಳಿದ್ದು ಸಣ್ಣ ಮಾತಲ್ಲ. ಆಗಿದ್ದೇನು? ಟೊಮೇಟೊ ತೋಟದ ಕೂಲಿ ಬಿಟ್ಟು ಸಭೆಗೆ ಬಂದರೆ ಆ ದಿನದ ದುಡ್ಡು ಹೋಗುತ್ತೆ. ಬರದಿದ್ದರೆ ನಡಾವಳಿ ಪುಸ್ತಕ ಮನೆಗೇ ಬರುತ್ತೆ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತೆ. ಈ ಪುಸ್ತಕ ಕಳಿಸೋ ಹೆಡ್‌ಮಾಸ್ಟ್ರು ಯಾವ ಜಾತಿಯವನಾದರೇನು?

ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನ ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೊಂದವರು ಯಾರು ಅಂತ ಕೋರ್ಟು ಹೇಳಲಿಲ್ಲ. ಯಾರೇ ಆಗಿರಲಿ, ಅವರೇನು ಆಕಾಶದಿಂದ ಇಳಿದವರಲ್ಲ. ನಮ್ಮ ಸೀಮೆಯ ಶಾಲೆಗಳು ಒಂದು ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಗ್ಗಿ ಕಲಿಸಿವೆ, ಪಕ್ಕದಲ್ಲಿ ಕೂತವನು ಮನುಷ್ಯ ಅನ್ನೋದನ್ನ ಕಲಿಸಿಲ್ಲ. ಈ ಲೆಕ್ಕವನ್ನ ಯಾವ ಸರ್ವಸದಸ್ಯರ ಸಭೆಯೂ ಮಂಡಿಸಿದ್ದಿಲ್ಲ.

ಹಾಗಂತ ಸಂಘ ಬೇಡ ಅನ್ನೋದಲ್ಲ. ಸಂಘಟನೆಯ ಬೆಲೆ ಗೊತ್ತಿದ್ದವರು ನಾವು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಪಾಠ ಹೇಳೋ ಮೇಷ್ಟ್ರಾಗಿದ್ದವರೇ. ಮೇಷ್ಟ್ರುಗಳ ಸಂಘ ಸರಿಯಾಗೋದು ಕಷ್ಟದ ಕೆಲಸವೂ ಅಲ್ಲ. ವರ್ಷದ ಲೆಕ್ಕವನ್ನ ಗುರುಭವನದ ಬಾಗಿಲಿಗೆ ಅಂಟಿಸಲಿ. ಒಬ್ಬನೇ ಮೂರು ಅವಧಿ ಕೂರದ ಹಾಗೆ ಬೈಲಾ ತಿದ್ದಲಿ. ಮೇಡಂಗಳನ್ನ ಸ್ವಾಗತ ಭಾಷಣಕ್ಕೆ ಮಾತ್ರ ಕರೆಯದೆ ಖಜಾಂಚಿ ಮಾಡಲಿ. ತಾಲ್ಲೂಕಿನ ಯಾವುದೇ ಶಾಲೆಯಲ್ಲಿ ಮಗುವಿಗೆ, ಅಡುಗೆಯಾಕೆಗೆ ಜಾತಿಯ ಅವಮಾನವಾದರೆ ಮೊದಲ ದೂರು ಸಂಘದಿಂದಲೇ ಹೋಗಲಿ, ಆರೋಪಿ ತನ್ನ ಸದಸ್ಯನೇ ಆಗಿದ್ದರೂ ಹೋಗಲಿ.

ಆ ನಿವೃತ್ತ ಹೆಡ್‌ಮಾಸ್ಟ್ರನ್ನ ಹೊರಡುವಾಗ ಕೇಳಿದೆ, "ಮಾವ, ನೀವು ಕುರ್ಚೀಲಿ ಕೂತು ಏನು ಮಾಡಿದ್ರಿ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೊಂದು ಕುರ್ಚಿ ತರಿಸಿದೆ ಕಣಪ್ಪ. ಮಕ್ಕಳ ಅಪ್ಪ ಅಮ್ಮ ಬಂದ್ರೆ ಕೂರೋಕೆ. ನಾನು ರಿಟೈರ್ ಆದ ವರ್ಷ ಅದನ್ನ ಗುಜರಿಗೆ ಹಾಕಿದ್ರಂತೆ."

ಆ ಎರಡನೇ ಕುರ್ಚಿ ವಾಪಸ್ಸು ಬರಬೇಕು.