ಮರಿಯಾನೆ ದಂಡನಾಯಕರು

ಹೊಯ್ಸಳರ ಶಾಸನಗಳಲ್ಲಿ ಮರಿಯಾನೆಯೆಂಬ ದಂಡನಾಯಕನ ಹೆಸರು ಪದೇಪದೇ ದೊರೆಯುವುದರಿಂದ, ಇವರೆಲ್ಲರನ್ನೂ ಒಬ್ಬನೇ ಪುರುಷನೆಂದು ಭಾವಿಸುವ ಪ್ರಮಾದಕ್ಕೆ ಎಡೆಯುಂಟು. ನಾಗಮಂಗಲ ತಾಲ್ಲೂಕಿನ ಅಳೀಸಂದ್ರದಲ್ಲಿ ಕ್ರಿ. ಶ. 1183ರ ಶಾಸನವೊಂದಿದೆ. ರೈಸರವರು ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಲೇಖವನ್ನು ಚಿಕ್ಕಮಗಳೂರು ಸೀಮೆಯ ಸಿಂದಗೆರೆಯ 1138ರ ಶಾಸನದೊಡನೆ ಹೋಲಿಸಿ ನೋಡಿದರೆ ಈ ಗೊಂದಲವು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಮೊದಲನೆಯ ಮರಿಯಾನೆಯು ವಿನಯಾದಿತ್ಯನ ಕಾಲದವನು. ರಾಣಿಯಾದ ಕೆಳೆಯಬ್ಬರಸಿಯು ದೇಕವ್ವೆಯೆಂಬ ಕನ್ಯೆಯನ್ನು ಈತನಿಗೆ ಕೊಟ್ಟು ವಿವಾಹಮಾಡಿಸಿದಳು. ಆಸಂದಿನಾಡಿನ ಸಿಂದಗೆರೆಯ ಪ್ರಭುತ್ವವು ಅದರೊಡನೆಯೇ ಈತನಿಗೆ ಲಭಿಸಿತು. ಇದು ನಡೆದುದು ಶಕ 969, ಎಂದರೆ ಕ್ರಿ. ಶ. 1047ರಲ್ಲಿ. ಎರಡನೆಯವನು ಒಂದನೆಯ ಬಲ್ಲಾಳನಿಗೆ ಮಾವನಾದವನು. 1103ರಲ್ಲಿ ಆ ಅರಸನು ಈತನ ಮೂವರು ಹೆಣ್ಣುಮಕ್ಕಳನ್ನು ಒಂದೇ ಹಸೆಯಲ್ಲಿ ವರಿಸಿ, ಅವರಿಗೆ ಹಾಲೂಡಿದ ಋಣಕ್ಕಾಗಿ ಸಿಂದಗೆರೆಯನ್ನು ಮರಳಿ ದತ್ತಿಮಾಡಿದನು. ಊರನ್ನು ದಾನಮಾಡುವುದಕ್ಕೆ ಹೇಳಿದ ಕಾರಣಗಳಲ್ಲಿ ಇಷ್ಟು ಮನೋಹರವಾದುದು ವಿರಳವೇ ಸರಿ. ಮೂರನೆಯವನು ವಿಷ್ಣುವರ್ಧನನ ಸೇನಾನಿ. ತಮ್ಮನಾದ ಭರತನೊಡನೆ 1138ರಲ್ಲಿ ಅದೇ ಊರನ್ನು ಪಡೆದವನು. 1047ಕ್ಕೂ 1138ಕ್ಕೂ ನಡುವೆ 91 ವರ್ಷಗಳ ಅಂತರವಿದೆ. ಒಬ್ಬನೇ ದಂಡನಾಯಕನು ಇಷ್ಟು ಕಾಲ ಪಡೆ ನಡೆಸಿದನೆಂಬುದು ಅಸಂಭವ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸಾಮಾನ್ಯವಾಗಿ ಸಮಾನನಾಮಕರನ್ನು ಬೇರ್ಪಡಿಸುವುದಕ್ಕೆ ಊರಿನ ಹೆಸರು ಸಹಾಯಕವಾಗುತ್ತದೆ. ಈ ವಂಶದಲ್ಲಾದರೋ ಸಿಂದಗೆರೆಯ ಒಡೆತನವು ಮೂವರಿಗೂ ಸಮಾನ. ದಂಡನಾಯಕ ಪದವಿಯೂ ಸಮಾನ. ಆದಕಾರಣ ಆಳುವ ಅರಸನ ಹೆಸರು, ಒಡಹುಟ್ಟಿದವನ ಹೆಸರು, ಇವೆರಡನ್ನೇ ಆಧಾರವಾಗಿ ಹಿಡಿಯಬೇಕು.

ಒಡಹುಟ್ಟಿದವನ ಹೆಸರಿನ ಬೆಲೆಯು ಭರತರ ವಿಷಯದಲ್ಲಿ ಸ್ಫುಟವಾಗುತ್ತದೆ. ಭರತರೂ ಒಬ್ಬರಲ್ಲ. 1138ರ ಭರತನು ಮರಿಯಾನೆಯ ತಮ್ಮ. ಇಮ್ಮಡಿ ಬಲ್ಲಾಳನ ಕಾಲದ ಅಳೀಸಂದ್ರದ ಶಾಸನದಲ್ಲಿ ಬರುವ ಭರತನು ಬಾಹುಬಲಿಯ ಸಹೋದರ. ಶ್ರವಣಬೆಳಗೊಳದ ದೊಡ್ಡ ಬೆಟ್ಟದ ಅಖಂಡ ಬಾಗಿಲಿನ ಎರಡು ಪಕ್ಕಗಳಲ್ಲಿ ಭರತ ಬಾಹುಬಲಿಗಳ ಮೂರ್ತಿಗಳನ್ನು ಸುಮಾರು 1130ರಲ್ಲಿ ಪ್ರತಿಷ್ಠೆಮಾಡಿಸಿದವನು ಈ ಹಿರಿಯ ಭರತನು. ಗಂಗವಾಡಿಯಲ್ಲಿ 80 ಬಸದಿಗಳನ್ನು ಹೊಸದಾಗಿ ಕಟ್ಟಿಸಿ 200 ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂಬ ಬೆಳಗೊಳದ ಶಾಸನದ ಪ್ರಶಂಸೆಯೂ ಈತನಿಗೇ ಸಲ್ಲತಕ್ಕುದು. ಕಿರಿಯ ಭರತನಿಗೆ ಅದನ್ನು ಆರೋಪಿಸಲಾಗದು.

ಹೆಸರುಗಳ ಸ್ವರೂಪವೂ ವಿಚಾರಾರ್ಹವಾದುದು. ಮರಿ, ಆನೆ ಎಂಬ ಎರಡು ಪದಗಳು ಸೇರಿ ಆದ ಮರಿಯಾನೆಯೆಂಬುದು ಅಚ್ಚಗನ್ನಡದ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯನ್ನು ಬಲ್ಲವರಿಗೆ ಅದರ ಪುನರಾವೃತ್ತಿಯು ಆಶ್ಚರ್ಯವೆನಿಸದು. ಭರತ ಬಾಹುಬಲಿಗಳೆಂಬುವಾದರೋ ಆದಿಜಿನನ ಮಕ್ಕಳ ಹೆಸರುಗಳು. 1138ರಲ್ಲಿ ಮರಿಯಾನೆ, ಭರತ ಎಂದಿದ್ದ ಸೋದರರ ಜೋಡಿಯು 1183ರ ಹೊತ್ತಿಗೆ ಭರತ, ಬಾಹುಬಲಿ ಎಂದಾಯಿತು. ಬೆಟ್ಟದ ಬಾಗಿಲಲ್ಲಿ ಹಿರಿಯನು ನಿಲ್ಲಿಸಿದ ಜೋಡಿಯೇ ಮನೆಯ ಮಕ್ಕಳ ಹೆಸರಾಗಿ ಅಳೀಸಂದ್ರದ ಕಲ್ಲನ್ನೇರಿತು.