ಪಾದುವಾದ ಪದವೀಧರೆ

ಇಟಲಿಗೆ ಹೋದವರು ವೆನಿಸ್ ನೋಡದೆ ಬರುವುದಿಲ್ಲ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿಯಾದ ಪಾದುವಾದಲ್ಲಿ ಇಳಿಯುವವರು ಮಾತ್ರ ಕಡಿಮೆ. 2023ರ ಅಕ್ಟೋಬರಿನಲ್ಲಿ ನಾವು ನಾಲ್ವರು ಗೆಳತಿಯರು ಒಂದಿಡೀ ದಿನವನ್ನು ಈ ಊರಿಗೆಂದೇ ತೆಗೆದಿಟ್ಟೆವು. ಗೈಡಿನ ಬಾವುಟದ ಹಿಂದೆ ಓಡಿ ದಣಿದಿದ್ದ ನಮ್ಮ ಕಾಲುಗಳಿಗೆ ಅದು ರಜೆಯ ದಿನ. ಹಳೆಯ ಊರನ್ನು ನಿಧಾನವಾಗಿ ನಡೆದೇ ನೋಡಬಹುದು. ಬಿಸಿಲು ಬಂದರೆ ಬೀದಿಯುದ್ದಕ್ಕೂ ಕಮಾನುಗಳ ನೆರಳಿದೆ.

ಪಾದುವಾದವರು ತಮ್ಮ ಊರಿನ ಬಗ್ಗೆ ಒಗಟಿನಂಥ ಒಂದು ಮಾತು ಹೇಳುತ್ತಾರೆ. ಇಲ್ಲಿ ಹೆಸರಿಲ್ಲದ ಸಂತನಿದ್ದಾನೆ, ಹುಲ್ಲಿಲ್ಲದ ಹುಲ್ಲುಗಾವಲಿದೆ, ಬಾಗಿಲಿಲ್ಲದ ಕಾಫಿ ಮನೆಯಿದೆ ಎಂದು. ಸಂತ ಅಂತೋಣಿಯನ್ನು ಅವರು ಬರಿದೇ ‘ಸಂತ’ ಎನ್ನುತ್ತಾರೆ. ಕಾಫಿ ಮನೆಯೆಂದರೆ 1831ರಲ್ಲಿ ಆರಂಭವಾದ ಪೆದ್ರೋಕ್ಕಿ. 1916ರವರೆಗೆ ಹಗಲೂ ರಾತ್ರಿ ಅದು ತೆರೆದೇ ಇರುತ್ತಿತ್ತು. ಹುಲ್ಲುಗಾವಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಪಟ್ಟಿಗೆ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಪೀಠವಿಲ್ಲದ ಪಂಡಿತೆ.

ಬೆಳಿಗ್ಗೆ ಮೊದಲು ನೋಡಿದ್ದು ಸ್ಕ್ರೊವೇಞಿ ಪ್ರಾರ್ಥನಾ ಮಂದಿರ. ಬಡ್ಡಿ ವ್ಯಾಪಾರದಿಂದ ಹಣ ಮಾಡಿದ ಮನೆತನದ ಎನ್ರಿಕೊ ಎಂಬವನು ಕಟ್ಟಿಸಿದ್ದು. ಅವನ ತಂದೆಯನ್ನು ಮಹಾಕವಿ ಡಾಂಟೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಕೋರರ ನಡುವೆ ಕೂರಿಸಿದ್ದಾನೆ. 1305ರ ಹೊತ್ತಿಗೆ ಜೊತ್ತೊ ಇದರ ಗೋಡೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಚಿತ್ರಗಳಿಗೆ ತೇವ, ದೂಳು ತಾಗದಿರಲೆಂದು ನಮ್ಮನ್ನು ಮೊದಲು ಗಾಜಿನ ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸಿ, ಆಮೇಲೆ ಹದಿನೈದೇ ನಿಮಿಷ ಒಳಗೆ ಬಿಟ್ಟರು. ವಯಸ್ಸಾದ ಅನ್ನಾ ಮತ್ತು ಯೋವಾಕೀಮ ದಂಪತಿ ಊರ ಬಾಗಿಲಿನಲ್ಲಿ ಮುಖಕ್ಕೆ ಮುಖವಿಟ್ಟು ಅಪ್ಪಿಕೊಂಡಿರುವ ಚಿತ್ರವೊಂದಿದೆ. ಬಹಳ ಕಾಲ ಮಕ್ಕಳಿಲ್ಲದೆ ಜನರ ಮಾತು ಕೇಳಿದವರು ಅವರು. ನನ್ನ ಹದಿನೈದು ನಿಮಿಷದಲ್ಲಿ ಹತ್ತು ಅಲ್ಲೇ ಮುಗಿದವು.

ಅಲ್ಲಿಂದ ತರಕಾರಿ ಮಾರುಕಟ್ಟೆಯನ್ನು ಹಾದು ವಿಶ್ವವಿದ್ಯಾಲಯಕ್ಕೆ ಹೋದೆವು. 1222ರಲ್ಲಿ ಸ್ಥಾಪನೆಯಾದದ್ದು. ಅದರ ಹಳೆಯ ಕಟ್ಟಡಕ್ಕೆ ‘ಬೋ’ ಎಂದು ಹೆಸರು. ಗೆಲಿಲಿಯೊ ಇಲ್ಲಿ 1592ರಿಂದ 1610ರವರೆಗೆ ಪಾಠ ಹೇಳಿದ. ಅವನು ನಿಂತು ಮಾತನಾಡುತ್ತಿದ್ದನೆನ್ನುವ ಮರದ ವೇದಿಕೆಯನ್ನು ತೋರಿಸುತ್ತಾರೆ. ಹೆಣ ಕೊಯ್ದು ಪಾಠ ಮಾಡಲು 1595ರಲ್ಲಿ ಕಟ್ಟಿದ ಬಾವಿಯಂಥ ಅಂಗಶಾಸ್ತ್ರದ ಕೊಠಡಿಯೂ ಇದೆ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಮೆಟ್ಟಿಲ ಬುಡದಲ್ಲಿದ್ದ ಕಲ್ಲಿನ ಹೆಂಗಸು. ಎಲೆನಾ ಕೊರ್ನಾರೊ ಪಿಸ್ಕೋಪಿಯಾ. ವಿಶ್ವವಿದ್ಯಾಲಯದ ಡಾಕ್ಟರ್ ಪದವಿ ಪಡೆದ ಮೊದಲ ಮಹಿಳೆಯೆಂದು ಜಗತ್ತೇ ಒಪ್ಪುವ ಹೆಸರು.

ಎಲೆನಾ ಹುಟ್ಟಿದ್ದು 1646ರಲ್ಲಿ, ವೆನಿಸ್ಸಿನಲ್ಲಿ. ತಂದೆ ಆ ಗಣರಾಜ್ಯದ ಅತಿ ದೊಡ್ಡ ಅಧಿಕಾರಿಗಳಲ್ಲೊಬ್ಬ. ತಾಯಿ ಬಡವರ ಮನೆಯ ಹೆಣ್ಣು, ಎಲೆನಾ ಹುಟ್ಟಿದಾಗ ಅವರಿಗೆ ಮದುವೆಯೇ ಆಗಿರಲಿಲ್ಲ. ತಾಯಿಯ ಕುಲದ ಕಾರಣಕ್ಕೆ ಗಂಡುಮಕ್ಕಳಿಗೆ ಶ್ರೀಮಂತರ ವಂಶಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಆ ಕೊರತೆಯನ್ನು ಮಗಳ ವಿದ್ಯೆಯಿಂದ ತುಂಬಿಸಿಕೊಳ್ಳಲು ತಂದೆ ಹವಣಿಸಿದ. ಏಳನೆಯ ವರ್ಷಕ್ಕೇ ಲ್ಯಾಟಿನ್, ಗ್ರೀಕ್ ಪಾಠ ಶುರುವಾಯಿತು. ಮುಂದೆ ಅವಳನ್ನು ‘ಏಳು ಭಾಷೆಗಳ ವಾಣಿ’ ಎಂದೇ ಹೊಗಳಿದರು. ಅವಳ ಮನಸ್ಸಿದ್ದದ್ದು ಮಾತ್ರ ಸಂನ್ಯಾಸದಲ್ಲಿ. ಬಂದ ಸಂಬಂಧಗಳನ್ನೆಲ್ಲ ಒಲ್ಲೆನೆಂದಳು. ಮೇಲೆ ಮನೆತನಕ್ಕೆ ತಕ್ಕ ಉಡುಪು, ಒಳಗೆ ಸಂನ್ಯಾಸಿನಿಯರ ಒರಟು ಬಟ್ಟೆ ತೊಡುತ್ತಿದ್ದಳಂತೆ. ಈ ತಂದೆಯನ್ನು ಮೆಚ್ಚಲು ನನಗೆ ಆಗುವುದಿಲ್ಲ. ಮಗಳ ಪಾಂಡಿತ್ಯವನ್ನು ಹಬ್ಬದ ದಿನದ ಒಡವೆಯಂತೆ ಹೊರಗೆ ತೆಗೆದು ತೋರಿಸಿದ ಮನುಷ್ಯ. ಅವನಿಲ್ಲದಿದ್ದರೆ ಅವಳ ಕೈಗೆ ಪುಸ್ತಕ ಬರುತ್ತಿರಲಿಲ್ಲವೆಂಬುದೂ ನಿಜ.

ಮೊದಲು ಕೇಳಿದ್ದು ದೇವಶಾಸ್ತ್ರದ ಪದವಿ. ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಬಿಷಪ್ ಬಾರ್ಬರಿಗೊ ಒಪ್ಪಲಿಲ್ಲ. ಹೆಂಗಸು ದೇವರ ವಿಷಯ ಬೋಧಿಸುವುದೆಂದರೇನು ಎಂಬುದು ಅವನ ತಕರಾರು. ಕೊನೆಗೆ ತತ್ವಶಾಸ್ತ್ರದ ಪದವಿಗೆ ರಾಜಿಯಾಯಿತು. 1678ರ ಜೂನ್ 25ರಂದು ಪರೀಕ್ಷೆ. ನೋಡಲು ಬಂದ ಜನಕ್ಕೆ ವಿಶ್ವವಿದ್ಯಾಲಯದ ಸಭಾಂಗಣ ಸಾಲದೆಂದು ಅದನ್ನು ಊರಿನ ದೊಡ್ಡ ಚರ್ಚಿನಲ್ಲಿ ನಡೆಸಿದರು. ಅರಿಸ್ಟಾಟಲನ ಗ್ರಂಥಗಳಿಂದ ಅಲ್ಲೇ ಆರಿಸಿಕೊಟ್ಟ ಎರಡು ಭಾಗಗಳನ್ನು ಅವಳು ಲ್ಯಾಟಿನ್ನಿನಲ್ಲಿ ವ್ಯಾಖ್ಯಾನಿಸಿದಳು. ಪರೀಕ್ಷಕರು ಗುಟ್ಟಿನ ಮತ ಹಾಕುವ ಪದ್ಧತಿಯನ್ನು ಬಿಟ್ಟು ಒಕ್ಕೊರಲಿನಿಂದ ಒಪ್ಪಿಗೆ ಕೊಟ್ಟರು. ಬೆರಳಿಗೆ ಉಂಗುರ, ಹೆಗಲಿಗೆ ತುಪ್ಪಳದ ಹೊದಿಕೆ, ತಲೆಗೆ ಲಾರೆಲ್ ಎಲೆಯ ಕಿರೀಟ ಬಂದವು. ಆಗ ಅವಳಿಗೆ ಮೂವತ್ತೆರಡು ವರ್ಷ. ಇನ್ನು ಆರು ವರ್ಷಕ್ಕೆ, 1684ರಲ್ಲಿ, ತೀರಿಕೊಂಡಳು.

ಆಮೇಲೆ ಏನಾಯಿತೆಂಬುದೇ ನನ್ನನ್ನು ಕಾಡಿದ್ದು. ಒಬ್ಬಳು ದಾಟಿದ ಹೊಸ್ತಿಲನ್ನು ಉಳಿದವರೂ ದಾಟುತ್ತಾರೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಪಾದುವಾದಲ್ಲಿ ಹಾಗಾಗಲಿಲ್ಲ. ಅಲ್ಲಿನ ಪ್ರಾಧ್ಯಾಪಕನೊಬ್ಬನ ಮಗಳೇ ಪದವಿ ಬೇಕೆಂದಾಗ ಬಾಗಿಲು ಮುಚ್ಚಿಕೊಂಡಿತು. ಇಟಲಿಯಲ್ಲಿ ಇನ್ನೊಬ್ಬ ಹೆಣ್ಣುಮಗಳು, ಲಾರಾ ಬಾಸ್ಸಿ, ಡಾಕ್ಟರ್ ಪದವಿ ಪಡೆದದ್ದು 1732ರಲ್ಲಿ, ಅದೂ ಬೊಲೋನ್ಯಾದಲ್ಲಿ. ಎಲೆನಾಳ ಈ ಶಿಲ್ಪ ಕೂಡ ಮೊದಲು ಅಂತೋಣಿಯ ಚರ್ಚಿನ ಸ್ಮಾರಕದಲ್ಲಿತ್ತು. ಆ ಸ್ಮಾರಕವನ್ನು ಬಿಚ್ಚಿಹಾಕಿದ ಮೇಲೆ, 1773ರಲ್ಲಿ ಕತೆರೀನಾ ದೊಲ್ಫಿನ್ ಎಂಬ ಮಹಿಳೆ ಶಿಲ್ಪವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟಳು.

ನಮ್ಮಲ್ಲೊಬ್ಬಳಿಗೆ ಪಿಯುಸಿ ಮುಗಿಯುತ್ತಲೇ ಮದುವೆಯಾಗಿತ್ತು. ಎರಡು ಮಕ್ಕಳಾದ ಮೇಲೆ ಅಂಚೆ ಮೂಲಕ ಬಿ.ಎ. ಮಾಡಿದವಳು, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕವಿಟ್ಟುಕೊಂಡು ಓದಿದವಳು. ಶಿಲ್ಪದ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವಳು ಅವಳೇ. ಹೊರಗೆ ಬಂದರೆ, ಆ ದಿನ ಪದವಿ ಪಡೆದ ಹುಡುಗಿಯೊಬ್ಬಳು ತಲೆಗೆ ಲಾರೆಲ್ ಕಿರೀಟವಿಟ್ಟುಕೊಂಡು ಬೀದಿಯಲ್ಲಿ ನಿಂತಿದ್ದಳು. ಸುತ್ತ ಗೆಳೆಯರು ಹಾಡಿ ಗೇಲಿ ಮಾಡುತ್ತಿದ್ದರು. ಅಲ್ಲಿ ಅದು ಇವತ್ತಿಗೂ ಪದ್ಧತಿ.

ಪೆದ್ರೋಕ್ಕಿಯಲ್ಲಿ ಪುದೀನದ ಕಾಫಿ ಕುಡಿದೆವು. (ಚೆನ್ನಾಗಿರಲಿಲ್ಲ. ಕಾಫಿಗೆ ಪುದೀನ ಏಕೆ?) ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಹುಲ್ಲಿಲ್ಲದ ಹುಲ್ಲುಗಾವಲಿಗೆ ಬಂದೆವು: ‘ಪ್ರಾತೊ ದೆಲ್ಲಾ ವಾಲ್ಲೆ’ ಎಂಬ ವಿಶಾಲವಾದ ಬಯಲು. ಈಗ ಹುಲ್ಲಿದೆ. 1775ರಿಂದ ಈಚೆಗೆ ನಡುವೆ ದ್ವೀಪ, ಸುತ್ತ ಕಾಲುವೆ, ದಡದುದ್ದಕ್ಕೂ ಎರಡು ಸಾಲಿನಲ್ಲಿ 78 ಶಿಲ್ಪಗಳು. ಎಪ್ಪತ್ತೆಂಟೂ ಗಂಡಸರು! ಒಬ್ಬ ಶಿಲ್ಪಿಯ ಪ್ರತಿಮೆಯ ಕಾಲ ಬಳಿ ಗಾಸ್ಪಾರಾ ಸ್ತಾಂಪಾ ಎಂಬ ಕವಯಿತ್ರಿಯ ಪುಟ್ಟ ಮುಖವೊಂದಿದೆ, ಅಷ್ಟೆ. ಫ್ರೆಂಚ್ ಸೈನಿಕರು ವೆನಿಸ್ಸಿನ ದೊರೆಗಳ ಕೆಲವು ಮೂರ್ತಿಗಳನ್ನು 1797ರಲ್ಲಿ ಒಡೆದದ್ದರಿಂದ ಖಾಲಿ ಪೀಠಗಳೂ ಇವೆ. ಅವುಗಳಲ್ಲೊಂದರ ಮೇಲೆ ಎಲೆನಾಳನ್ನು ನಿಲ್ಲಿಸೋಣವೆಂದು 2021ರ ಕೊನೆಯಲ್ಲಿ ನಗರಸಭೆಯ ಸದಸ್ಯರಿಬ್ಬರು ಸೂಚಿಸಿದ್ದೇ ತಡ, ದೊಡ್ಡ ವಾಗ್ವಾದವೇ ನಡೆಯಿತು. ಚೌಕದ ಇತಿಹಾಸ ಕೆಡುತ್ತದೆ ಎಂದರು ಕೆಲವರು. ನಾವು ಹೋದಾಗ ಪೀಠ ಖಾಲಿಯಾಗಿಯೇ ಇತ್ತು.

ಅವಳ ಸಮಾಧಿ ಇರುವುದು ಅದೇ ಬಯಲಿನ ಅಂಚಿನ ಸಂತ ಜುಸ್ತೀನಾ ಚರ್ಚಿನಲ್ಲಿ. ಅದನ್ನು 1895ರಲ್ಲಿ ತೆರೆಸಿ, ಅಸ್ಥಿಗಳನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಹೆಸರಿನ ಫಲಕ ಹಾಕಿಸಿದ್ದು ಮತಿಲ್ಡಾ ಪಿನ್ಸೆಂಟ್ ಎಂಬ ಸಂನ್ಯಾಸಿನಿ. ನಾವು ಒಳಗೆ ಹೋದಾಗ ಸಂಜೆಯ ಪ್ರಾರ್ಥನೆ ಶುರುವಾಗಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತೆವು. ಅಂಚೆ ಮೂಲಕ ಓದಿದ ಗೆಳತಿ ಎದ್ದು ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಂದಳು.

“ಯಾವ ದೇವರಿಗೇ?” ಎಂದು ಕೇಳಿದೆ.

“ದೇವರಿಗಲ್ಲ ಕಣೇ,” ಎಂದವಳೇ ಚೀಲದಲ್ಲಿ ರೈಲಿನ ಟಿಕೆಟ್ಟು ಹುಡುಕತೊಡಗಿದಳು.